ಬೆಂಗಳೂರಿನಲ್ಲಿ ಬೆಳೆದ ನ್ಯಾಟ್: ಯಾವ ಕಿಟ್ಟನ್ನು ಕೊಳ್ಳಬೇಕು?

ಯುದ್ಧವಿಮಾನದ ಪ್ರತಿಕೃತಿಯನ್ನು ಸ್ವಂತ ಕೈಯಿಂದ ಜೋಡಿಸಬೇಕೆಂದು ಹೊರಟವರು ಕಿಟ್ಟುಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ಪೆಟ್ಟಿಗೆಯ ಮೇಲಿನ ಚಿತ್ರ, ಬಿಡಿಭಾಗಗಳ ಸಂಖ್ಯೆ, ಬೆಲೆ ಇವುಗಳನ್ನೇ ಮೊದಲು ನೋಡುವರು. ಇವು ನೋಡತಕ್ಕ ಸಂಗತಿಗಳೇ ಅಹುದು. ಆದರೆ ಯಾವ ವಿಮಾನದ, ಯಾವ ಅವತರಣಿಕೆಯ, ಯಾವ ಕಾಲದ ರೂಪವನ್ನು ನಾವು ಕಟ್ಟಬೇಕೆಂದಿರುವೆವೆಂಬುದು ಮೊದಲು ಮನಸ್ಸಿನಲ್ಲಿ ಸ್ಥಿರವಾಗದ ಹೊರತು, ಎಷ್ಟೇ ನಾಜೂಕಾಗಿ ಅಚ್ಚು ಹೊಯ್ದ ಕಿಟ್ಟಾದರೂ ಕೊನೆಗೆ ನಮ್ಮ ಮೇಜಿನ ಮೇಲೆ ಪರದೇಶದ ವಿಮಾನವೊಂದನ್ನು ತಂದು ನಿಲ್ಲಿಸುವುದಲ್ಲದೆ, ನಾವು ಬಯಸಿದ ವಿಮಾನವನ್ನು ಕೊಡಲಾರದು. ಕಿಟ್ಟನ್ನು ಕಿಟ್ಟಿನೊಡನೆ ಹೋಲಿಸುವುದು ಎರಡನೆಯ ಕೆಲಸ. ಕಿಟ್ಟನ್ನು ನಿಜವಾದ ವಿಮಾನದೊಡನೆ ಹೋಲಿಸುವುದು ಮೊದಲನೆಯದು.

ಈ ಮಾತಿಗೆ ನ್ಯಾಟ್ ವಿಮಾನದಷ್ಟು ಸ್ಪಷ್ಟವಾದ ದೃಷ್ಟಾಂತ ಬೇರೊಂದಿಲ್ಲ. ಕನ್ನಡಿಗರಾದ ನಮಗಂತೂ ಆ ವಿಮಾನದ ಮೇಲೆ ಒಂದು ವಿಶೇಷವಾದ ಮಮತೆ ಇರತಕ್ಕದ್ದೇ ಸರಿ. ಡಬ್ಲ್ಯು. ಇ. ಡಬ್ಲ್ಯು. ಪೆಟರ್ ಎಂಬ ವಿನ್ಯಾಸಕನು, ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ಭಾರವೂ ದುಬಾರಿಯೂ ಆಗುತ್ತಿರುವುದನ್ನು ಕಂಡು, ಹಗುರವಾದ, ಅಗ್ಗವಾದ, ಆದರೂ ಕಾಳಗಕ್ಕೆ ಸಮರ್ಥವಾದ ವಿಮಾನವೊಂದನ್ನು ರೂಪಿಸಬೇಕೆಂದು ಸಂಕಲ್ಪಿಸಿ, ಇಂಗ್ಲೆಂಡಿನ ಫೋಲೆಂಡ್ ಸಂಸ್ಥೆಯಲ್ಲಿ ಇದನ್ನು ನಿರ್ಮಿಸಿದನು. 1955ರ ಜುಲೈ 18ರಂದು ಅದು ಮೊದಲ ಬಾರಿಗೆ ಹಾರಿತು. ಬ್ರಿಟನ್ನಿನ ವಾಯುಪಡೆ ಅದನ್ನು ಯುದ್ಧವಿಮಾನವಾಗಿ ಸ್ವೀಕರಿಸಲಿಲ್ಲ, ಭಾರತವು ಸ್ವೀಕರಿಸಿತು. 1956ರಲ್ಲಿ ದೊರೆತ ಪರವಾನಗಿಯ ಬಲದಿಂದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು, ಅಂದರೆ ಇಂದಿನ ಎಚ್‌ಎಎಲ್, ಈ ವಿಮಾನವನ್ನೂ ಇದರ ಆರ್ಫಿಯಸ್ ಎಂಜಿನನ್ನೂ ಇಲ್ಲಿಯೇ ತಯಾರಿಸತೊಡಗಿತು. 1965 ಮತ್ತು 1971ರ ಯುದ್ಧಗಳಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಎದುರಿಸಿ ಸೇಬರ್ ಸಂಹಾರಿ ಎಂಬ ಬಿರುದನ್ನು ಗಳಿಸಿದ್ದು ಈ ಪುಟ್ಟ ವಿಮಾನವೇ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಏಕಾಂಗಿಯಾಗಿ ಹೋರಾಡಿ ವೀರಮರಣವನ್ನು ಪಡೆದು, ವಾಯುಪಡೆಗೆ ಇದುವರೆಗೆ ಸಂದಿರುವ ಏಕೈಕ ಪರಮವೀರ ಚಕ್ರಕ್ಕೆ ಪಾತ್ರರಾದ ನಿರ್ಮಲ್ ಜಿತ್ ಸಿಂಗ್ ಸೇಖೋನ್ ಅವರು 18ನೆಯ ದಳದ ನ್ಯಾಟ್ ವಿಮಾನದಲ್ಲಿದ್ದರು. ಮುಂದೆ ಎಚ್‌ಎಎಲ್ ಈ ವಿಮಾನವನ್ನೇ ಸುಧಾರಿಸಿ ಅಜೀತ್ ಎಂಬ ಹೆಸರಿನಿಂದ ಹೊರತಂದಿತು. 1975ರ ಮಾರ್ಚ್ ತಿಂಗಳಿನಲ್ಲಿ ಮೊದಲು ಹಾರಿದ ಆ ರೂಪವು 1991ರವರೆಗೆ ಸೇವೆಯಲ್ಲಿತ್ತು.

ಇಷ್ಟು ಚರಿತ್ರೆಯನ್ನು ಹೇಳುವುದಕ್ಕೆ ಕಾರಣವುಂಟು. ನಮ್ಮ ಬಾಡಗಂಡಿ ಗ್ರಾಮದ ಹುಡುಗನೊಬ್ಬನು, ಬೆಂಗಳೂರಿನಲ್ಲಿರುವ ಸೋದರಮಾವನು ಪ್ರೀತಿಯಿಂದ ತಂದುಕೊಟ್ಟ ಕಿಟ್ಟನ್ನು ತೆರೆದು, ಕಾಕ್‌ಪಿಟ್ಟಿನ ಭಾಗಗಳನ್ನು ಅಂಗೈಯಲ್ಲಿಟ್ಟುಕೊಂಡು ಬಂದು ಕೇಳಿದ ಪ್ರಶ್ನೆ ಇದು: "ಸರ, ಪೆಟಗಿ ಮ್ಯಾಲ ನ್ಯಾಟ್ ಅಂತ ಬರದಾರ್ರಿ, ನಮ್ಮ ಸೇಖೋನ್ ಸಾಹೇಬ್ರು ಒಬ್ಬರ ಕುಂತಿದ್ರಲ್ಲ, ಮತ್ತ ಇದ್ರಾಗ ಎರಡ ಕುರ್ಚಿ ಯಾಕ ಅದಾವ?" ದೊಡ್ಡವರಾದ ಸಂಗ್ರಾಹಕರೂ ಎಷ್ಟೋ ಸಲ ಕೇಳಲು ಮರೆಯುವ ಪ್ರಶ್ನೆಯನ್ನು ಆ ಹುಡುಗನು ಕೇಳಿದ್ದನು.

ಉತ್ತರವು ಚರಿತ್ರೆಯಲ್ಲಿಯೇ ಇದೆ. ಬ್ರಿಟನ್ನಿನ ವಾಯುಪಡೆಯು ಒಬ್ಬರು ಕೂರುವ ನ್ಯಾಟನ್ನು ಬೇಡವೆಂದರೂ, ವಿಮಾನ ಚಾಲಕರ ತರಬೇತಿಗಾಗಿ ಇಬ್ಬರು ಕೂರುವ ರೂಪವೊಂದನ್ನು ಮಾಡಿಸಿಕೊಂಡಿತು. ಅದರ ಹೆಸರು ಟಿ.1. ರೆಡ್ ಆರೋಸ್ ಎಂಬ ಪ್ರಸಿದ್ಧ ಪ್ರದರ್ಶನ ತಂಡವು 1965ರಿಂದ 1979ರವರೆಗೆ ಹಾರಿಸಿದ ಕೆಂಪು ವಿಮಾನಗಳೆಲ್ಲವೂ ಇವೇ. ಇಂಗ್ಲೆಂಡಿನ ಏರ್‌ಫಿಕ್ಸ್ ಎಂಬ ಕಿಟ್ಟು ತಯಾರಕ ಸಂಸ್ಥೆಯು ತನ್ನ ದೇಶದ ಮಕ್ಕಳು ಕಣ್ಣಾರೆ ಕಂಡ ವಿಮಾನದ ಕಿಟ್ಟನ್ನು ಮಾಡಿತೆಂಬುದು ಸಹಜವೇ ಆಗಿದೆ. ಆದುದರಿಂದ ಅಂಗಡಿಯಲ್ಲಿ ನ್ಯಾಟ್ ಎಂದು ಕೇಳಿದರೆ ಸುಲಭವಾಗಿ ಕೈಗೆ ಬರುವುದು ಏರ್‌ಫಿಕ್ಸಿನ ಟಿ.1, 1/72 ಅನುಪಾತದಲ್ಲಿಯೂ ಅದೇ, 1/48 ಅನುಪಾತದಲ್ಲಿಯೂ ಅದೇ. ಭಾರತವು ಟಿ.1 ವಿಮಾನವನ್ನು ಬಳಸಲಿಲ್ಲ. ಎಚ್‌ಎಎಲ್ ತಾನೇ ರೂಪಿಸಿ 1982ರಲ್ಲಿ ಹಾರಿಸಿದ ಇಬ್ಬರು ಕೂರುವ ಅಜೀತ್ ತರಬೇತಿ ವಿಮಾನವುಂಟಾದರೂ ಅದರ ಒಡಲಿನ ರಚನೆಯೇ ಬೇರೆ, ಟಿ.1 ಕಿಟ್ಟಿಗೆ ಭಾರತದ ವೃತ್ತಲಾಂಛನವನ್ನು ಅಂಟಿಸಿದ ಮಾತ್ರಕ್ಕೆ ಅದು ಸಿದ್ಧಿಸುವುದಿಲ್ಲ.

ಹಿಂದಿನ ಆಸನವೊಂದನ್ನು ಮುಚ್ಚಿಬಿಟ್ಟರೆ ಟಿ.1 ಕಿಟ್ಟು ನಮ್ಮ ನ್ಯಾಟ್ ಆಗಲಾರದೆ ಎಂದು ಕೆಲವರು ಕೇಳುವುದುಂಟು. ಆಗಲಾರದು. ಒಬ್ಬರು ಕೂರುವ ನ್ಯಾಟಿನ ರೆಕ್ಕೆಯ ಹರವು ಸುಮಾರು 6.73 ಮೀಟರ್, ಟಿ.1ರದು 7.32 ಮೀಟರ್. ರೆಕ್ಕೆಯ ವಿಸ್ತೀರ್ಣದಲ್ಲಿಯೂ, ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗಳ ವಿನ್ಯಾಸದಲ್ಲಿಯೂ ಎರಡಕ್ಕೂ ಭೇದವಿದೆ: ಒಬ್ಬರು ಕೂರುವ ವಿಮಾನದಲ್ಲಿ ಒಳಬದಿಯ ಏಲೆರಾನುಗಳೇ ಇಳಿಯುವಾಗ ಕೆಳಗೆ ಬಾಗಿ ಫ್ಲ್ಯಾಪಿನ ಕೆಲಸವನ್ನೂ ಮಾಡುತ್ತಿದ್ದುವು, ಟಿ.1ರಲ್ಲಿ ಏಲೆರಾನುಗಳು ಹೊರಬದಿಗೆ ಸರಿದು, ಒಳಬದಿಯಲ್ಲಿ ಪ್ರತ್ಯೇಕವಾದ ಫ್ಲ್ಯಾಪುಗಳು ಬಂದುವು. ಮೂಗು ಬೇರೆ, ಮೇಲಿನ ಗಾಜು ಬೇರೆ. ಇವೆಲ್ಲವನ್ನೂ ಕೊಯ್ದು ಕೆತ್ತಿ ಸರಿಪಡಿಸುವ ಶ್ರಮದಲ್ಲಿ ಹೊಸ ವಿಮಾನವನ್ನೇ ಕಟ್ಟಬಹುದು.

ಇಲ್ಲಿ ಅನುಪಾತದ ಲೆಕ್ಕವನ್ನು ಒಮ್ಮೆ ತಿಳಿದುಕೊಂಡರೆ ಯಾವ ಕಿಟ್ಟನ್ನಾದರೂ ಪರೀಕ್ಷಿಸಬಹುದು. 1/72 ಎಂದರೆ ನಿಜವಾದ ವಿಮಾನದ ಆರು ಅಡಿಗೆ ಮಾದರಿಯಲ್ಲಿ ಒಂದು ಅಂಗುಲ. 1/48 ಎಂದರೆ ನಾಲ್ಕು ಅಡಿಗೆ ಒಂದು ಅಂಗುಲ. 6.73 ಮೀಟರನ್ನು 72ರಿಂದ ಭಾಗಿಸಿದರೆ ಸುಮಾರು 93 ಮಿಲಿಮೀಟರ್; 7.32 ಮೀಟರನ್ನು ಭಾಗಿಸಿದರೆ ಸುಮಾರು 102 ಮಿಲಿಮೀಟರ್. ಶಾಲೆಯ ಸ್ಕೇಲಿನಿಂದಲೇ ಅಳೆಯಬಹುದಾದ ಈ ವ್ಯತ್ಯಾಸವು, ಪೆಟ್ಟಿಗೆಯ ಚಿತ್ರ ಏನೇ ಹೇಳಲಿ, ಒಳಗಿರುವುದು ಯಾವ ನ್ಯಾಟ್ ಎಂಬುದನ್ನು ನಿಸ್ಸಂದೇಹವಾಗಿ ತಿಳಿಸುವುದು. ಗ್ರಾಫ್ ಕಾಗದದ ಮೇಲೆ ರೆಕ್ಕೆಯನ್ನಿಟ್ಟು ಪೆನ್ಸಿಲಿನಿಂದ ಅಂಚನ್ನು ಬರೆದುಕೊಂಡು, ಎಡ ಬಲಗಳನ್ನು ಒಂದರ ಮೇಲೊಂದು ಹೊಂದಿಸಿ ನೋಡುವ ಅಭ್ಯಾಸವನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ಹಾಗಾದರೆ ಬೆಂಗಳೂರಿನ ವಿಮಾನವನ್ನು ಕಟ್ಟಬಯಸುವವರಿಗೆ ಗತಿ ಯಾವುದೆಂದರೆ, ಚೆಕ್ ದೇಶದ ಸ್ಪೆಷಲ್ ಹಾಬಿ ಸಂಸ್ಥೆಯು 1/72 ಅನುಪಾತದಲ್ಲಿ ಒಬ್ಬರು ಕೂರುವ ನ್ಯಾಟನ್ನು ಹೊರತಂದಿದೆ; ಅದೇ ಅಚ್ಚಿನ ಕುಟುಂಬದಿಂದ ಅಜೀತ್ ಎಂಬ ಹೆಸರಿನ ಪೆಟ್ಟಿಗೆಯನ್ನೂ ಪ್ರತ್ಯೇಕವಾಗಿ ಕೊಟ್ಟಿದೆ. ಎಲ್ಲಿಯೋ ದೂರದ ಮಧ್ಯ ಯುರೋಪಿನಲ್ಲಿ ಕುಳಿತವರು ಎಚ್‌ಎಎಲ್ಲಿನ ವಿಮಾನವೊಂದನ್ನು ಹೆಸರು ಹಿಡಿದು ಗೌರವಿಸಿದರೆಂಬುದು ನನಗೆ ಅತ್ಯಂತ ಸಂತೋಷದ ವಿಷಯವಾಗಿದೆ. ಈ ಎರಡು ರೂಪಗಳ ನಡುವಣ ಭೇದವನ್ನೂ ಕೊಳ್ಳುವ ಮೊದಲೇ ಅರಿತಿರಬೇಕು. ಅಜೀತ್ ವಿಮಾನದಲ್ಲಿ ರೆಕ್ಕೆಯ ಒಳಗೇ ಇಂಧನವನ್ನು ತುಂಬುವ ಏರ್ಪಾಡಾದುದರಿಂದ, ರೆಕ್ಕೆಯ ಕೆಳಗಿನ ಕೊಂಡಿಗಳು ಇಂಧನದ ತೊಟ್ಟಿಗಳನ್ನು ಹೊರುವ ಕಟ್ಟಳೆಯಿಂದ ಬಿಡುಗಡೆ ಹೊಂದಿ, ನಾಲ್ಕು ಕಡೆ ಆಯುಧಗಳನ್ನು ಹೊರಲು ಅನುಕೂಲವಾಯಿತು. ಚಾಲಕನ ಆಸನವೂ ಹಳೆಯ ಹಗುರ ಆಸನದ ಬದಲು ಮಾರ್ಟಿನ್-ಬೇಕರ್ ಆಸನವಾಯಿತು. ಆದುದರಿಂದ 1971ರ ಶ್ರೀನಗರದ ನ್ಯಾಟನ್ನು ಮಾಡಬೇಕೆನ್ನುವವರು ಅಜೀತ್ ಪೆಟ್ಟಿಗೆಯನ್ನು ಕೊಂಡರೆ ಆಸನದಿಂದಲೇ ತಪ್ಪು ಪ್ರಾರಂಭವಾಗುವುದು.

ಕಟ್ಟುವ ಕೆಲಸದ ಸುಲಭತೆಯಲ್ಲಿ ಮಾತ್ರ ಏರ್‌ಫಿಕ್ಸಿಗೆ ಮೇಲುಗೈ ಎಂಬುದನ್ನು ಒಪ್ಪಲೇಬೇಕು. 1960ರ ದಶಕದ ಅದರ ಹಳೆಯ ಅಚ್ಚನ್ನು ಹಳೆಯ ಪೆಟ್ಟಿಗೆಗಳ ಮಾರಾಟದಲ್ಲಿ ಕಂಡರೆ ನೆನಪಿಗಾಗಿ ಕೊಳ್ಳಬಹುದೇ ಹೊರತು ಕಟ್ಟುವುದಕ್ಕಲ್ಲ. 2010ರ ದಶಕದ ಹೊಸ ಅಚ್ಚು ಸಂಪೂರ್ಣ ಬೇರೆಯ ವಸ್ತು. ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಗುವ ಕಿಟ್ಟುಗಳಿಗೆ ಉಕ್ಕಿನ ಅಚ್ಚುಗಳಿರುವುದರಿಂದ ಭಾಗಗಳು ಗೂಟ ಗುಣಿಗಳಿಂದ ತಾವೇ ಹೊಂದಿಕೊಳ್ಳುತ್ತವೆ. ಸೀಮಿತ ಸಂಖ್ಯೆಗಾಗಿ ಮಾಡಿದ ಅಚ್ಚುಗಳ ಕಿಟ್ಟುಗಳಲ್ಲಿ ಗೂಟಗಳು ವಿರಳ. ಭಾಗಗಳನ್ನು ಸ್ಪ್ರೂ ಕಡ್ಡಿಗೆ ಜೋಡಿಸಿರುವ ಕತ್ತು ದಪ್ಪವಾಗಿರುತ್ತದೆ. ಒಡಲಿನ ಎರಡು ಅರೆಗಳನ್ನು ಕೈಯಿಂದಲೇ ಸಮ ಮಾಡಿ, ಒಳಗಿನ ಕಾಕ್‌ಪಿಟ್ ತೊಟ್ಟಿಯನ್ನು ಉಜ್ಜಿ ತೆಳುಗೊಳಿಸಿ ಕೂರಿಸಬೇಕಾಗುವುದು. ಅಂಟು ಹಚ್ಚುವ ಮೊದಲು ಮಾಸ್ಕಿಂಗ್ ಟೇಪಿನಿಂದ ಬಿಗಿದು ಪೂರ್ಣ ವಿಮಾನವನ್ನು ಒಮ್ಮೆ ಒಣಗಾಗಿ ಜೋಡಿಸಿ ನೋಡುವ ತಾಳ್ಮೆ ಇದ್ದವರಿಗೆ ಇದು ಕಷ್ಟವಲ್ಲ.

ಯಾವ ಸಂಸ್ಥೆಯದೇ ಆಗಲಿ, ನ್ಯಾಟ್ ಕಿಟ್ಟಿನಲ್ಲಿ ಗಮನವಿಟ್ಟು ನೋಡತಕ್ಕ ಸ್ಥಳಗಳನ್ನು ಹೇಳುವೆನು. ಮೊದಲನೆಯದು ಗಾಜು. ಒಬ್ಬರು ಕೂರುವ ನ್ಯಾಟಿನ ಮುಂಗಾಜೂ ಮೇಲ್ಗಾಜೂ ಏಕಖಂಡವಾಗಿ, ಹಿಂಬದಿಯ ಕೀಲಿನ ಮೇಲೆ ಒಟ್ಟಿಗೆ ಮೇಲೇಳುತ್ತವೆ. ಗುಂಡನ್ನು ತಡೆಯುವ ಚಪ್ಪಟೆಯಾದ ದಪ್ಪ ಗಾಜು ಪ್ರತ್ಯೇಕವಾಗಿ ಅದರ ಒಳಗೆ ನಿಂತಿರುತ್ತದೆ. ಈ ಒಳಗಾಜನ್ನು ಕೊಟ್ಟಿರುವ ಕಿಟ್ಟು ವಿಮಾನವನ್ನು ಬಲ್ಲವರ ಕೆಲಸವೆಂದು ತಿಳಿಯಬಹುದು. ಎರಡನೆಯದು ಗಾಳಿ ಹೋಗುವ ಬಾಯಿಗಳು: ಅವುಗಳ ಹೊರ ಅಂಚಿನ ಉಬ್ಬಿನಲ್ಲಿ ಎಡಕ್ಕೊಂದು ಬಲಕ್ಕೊಂದರಂತೆ 30 ಮಿಲಿಮೀಟರ್ ಅಡೆನ್ ತೋಪುಗಳಿದ್ದುವು, ತರಬೇತಿ ವಿಮಾನಕ್ಕೆ ಇವಿಲ್ಲ. ಆ ಉಬ್ಬು ಸಪಾಟಾಗಿದ್ದರೆ ಕಿಟ್ಟು ಯುದ್ಧವಿಮಾನದ್ದಲ್ಲ. ಮೂರನೆಯದು ಚಕ್ರಗಳು. ನ್ಯಾಟಿನ ಚಕ್ರಗಳು ರೆಕ್ಕೆಯಿಂದಲ್ಲ, ಒಡಲಿನಿಂದ ಇಳಿಯುವುವು. ಅವುಗಳನ್ನೂ ಬಾಗಿಲುಗಳನ್ನೂ ಅರ್ಧ ಇಳಿಸಿ ಗಾಳಿತಡೆಯಾಗಿ ಬಳಸುತ್ತಿದ್ದುದು ಪೆಟರನ ಮಿತವ್ಯಯ ಬುದ್ಧಿಗೆ ಒಂದು ನಿದರ್ಶನ. ಬಾಗಿಲುಗಳ ಕೋನವನ್ನು ಸೂಚನಾಪತ್ರದಿಂದ ನೋಡುವುದಕ್ಕಿಂತ ಛಾಯಾಚಿತ್ರದಿಂದ ನೋಡುವುದು ಮೇಲು. ಕಡೆಯದಾಗಿ ರೆಕ್ಕೆಯ ಹಿಂಬದಿಯ ಅಂಚು: ಬನಹಟ್ಟಿಯ ನೇಕಾರನು ಸೀರೆಯ ದಡಿಯನ್ನು ಬೆಳಕಿಗೆ ಹಿಡಿದು ನೋಡುವಂತೆ ಇದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿರಿ. ಅಂಚು ದಪ್ಪವಾಗಿದ್ದರೆ ಒಳಬದಿಯಿಂದ ಉಜ್ಜಿ ತೆಳುಗೊಳಿಸಬೇಕು. ಹೊರಬದಿಯಿಂದ ಉಜ್ಜಿದರೆ ತಗಡುಗಳ ಸಂದುಗೆರೆಗಳು ಅಳಿಸಿಹೋಗುವುವು. ಈ ಸಂದುಗೆರೆಗಳು ಹಳೆಯ ಅಚ್ಚುಗಳಲ್ಲಿ ಉಬ್ಬಿರುತ್ತವೆ, ಹೊಸ ಅಚ್ಚುಗಳಲ್ಲಿ ಕೊರೆದಿರುತ್ತವೆ, ಕೊರೆದವೇ ಉತ್ತಮ.

ನ್ಯಾಟ್ ಅತಿ ಸಣ್ಣದೆಂದು ತೋರುವವರಿಗೆ ಮಿಗ್-21 ಇದೆ. 1963ರಲ್ಲಿ ವಾಯುಪಡೆಗೆ ಸೇರಿ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆದ ಆ ವಿಮಾನದ ಕಿಟ್ಟುಗಳು ಹೇರಳ. ಅಲ್ಲಿಯೂ ಅದೇ ನಿಯಮ: ಎಫ್‌ಎಲ್ ರೂಪದ ಬೆನ್ನು ತೆಳು, ಒಡಲಿನೊಳಗೆ ತೋಪಿಲ್ಲ, ಬಿಸ್ ರೂಪದ ಬೆನ್ನು ದಪ್ಪ. ಮಿಗ್-21 ಎಂಬ ಹೆಸರನ್ನು ಮಾತ್ರ ನೋಡಿ ಕೊಂಡವರ ಕೈಗೆ ಭಾರತದಲ್ಲಿ ಎಂದೂ ಹಾರದ ರೂಪವೂ ಬರಬಹುದು. 1/48 ಅನುಪಾತದಲ್ಲಿ ಚೆಕ್ ದೇಶದ ಎಡುವಾರ್ಡ್ ಸಂಸ್ಥೆಯು 2011ರಿಂದ ಹೊರತಂದ ಸರಣಿಯು ಆಕಾರದಲ್ಲಿಯೂ ಮೇಲ್ಮೈಯ ಸೂಕ್ಷ್ಮತೆಯಲ್ಲಿಯೂ ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲವನ್ನೂ ಮೀರಿಸಿದೆ. ಅದರ ಪ್ರೊಫಿಪ್ಯಾಕ್ ಪೆಟ್ಟಿಗೆಯಲ್ಲಿ ಲೋಹದ ಎಲೆಯ ಬಿಡಿಭಾಗಗಳೂ ಗಾಜಿಗೆ ಅಂಟಿಸುವ ಮಾಸ್ಕುಗಳೂ ಇರುತ್ತವೆ, ವೀಕೆಂಡ್ ಪೆಟ್ಟಿಗೆಯಲ್ಲಿ ಅವಿಲ್ಲದುದರಿಂದ ಬೆಲೆ ಕಡಿಮೆ. ಹೊಸಬರಿಗೆ ವೀಕೆಂಡ್ ಸಾಕು. 1/72ರಲ್ಲಿ ರಷ್ಯದ ಜ್ವೆಜ್ಡಾ ಸಂಸ್ಥೆಯ ಬಿಸ್ ಮಿತವ್ಯಯಿಗಳಿಗೆ ಯೋಗ್ಯವಾದುದು.

ದುಃಖದ ಸಂಗತಿ ಮಾರುತ ವಿಮಾನದ್ದು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರು ಬೆಂಗಳೂರಿನಲ್ಲಿ ನೆಲೆಸಿ ನಮ್ಮ ಎಂಜಿನಿಯರರೊಡಗೂಡಿ ರೂಪಿಸಿದ, 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಹಾರಿಸಿದ, ಒಟ್ಟು 147 ನಿರ್ಮಿತವಾದ ಆ ಸುಂದರ ವಿಮಾನಕ್ಕೆ ಏರ್‌ಫಿಕ್ಸ್, ರೆವೆಲ್, ತಮಿಯಾ, ಹಸೆಗಾವಾ ಮೊದಲಾದ ಪ್ರಸಿದ್ಧರ ಪಟ್ಟಿಯಲ್ಲಿ ಸ್ಥಾನವಿಲ್ಲ. ಬೆಂಗಳೂರಿಗೆ ಹೋದವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮುಂದೆ ನಿಂತಿರುವ ಮಾರುತವನ್ನು ಕಂಡು, ಅದರ ತಗಡು ತಗಡಿನ ಸಂದುಗಳನ್ನೂ ಮೊಳೆಗಳ ಸಾಲನ್ನೂ ನೋಡಿ ಬಂದರೆ, ಯಾವ ಕಿಟ್ಟಿನ ಸಂದುಗೆರೆ ಅತಿಯಾಯಿತು, ಯಾವುದು ಹಿತವಾಗಿದೆ ಎಂಬ ವಿವೇಕವು ಕಣ್ಣಿಗೆ ತಾನಾಗಿಯೇ ಬರುವುದು. ನ್ಯಾಟನ್ನೇ ನೋಡಬೇಕೆಂದರೆ ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು.

ಇನ್ನು ನಮ್ಮ ಸೀಮೆಯ ಹವೆಗೆ ತಕ್ಕ ಕೆಲವು ಮಾತುಗಳು. ಸೂಚನಾಪತ್ರಗಳನ್ನು ಬರೆದವರು ಕೃಷ್ಣಾ ಘಟಪ್ರಭೆಗಳ ನಡುವಣ ಬೇಸಗೆಯನ್ನು ಕಂಡವರಲ್ಲ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಅಕ್ರಿಲಿಕ್ ಬಣ್ಣವು ಕುಂಚದ ತುದಿಯಲ್ಲಿಯೇ ಒಣಗಿ, ಏರ್‌ಬ್ರಷ್ಷಿನಲ್ಲಿ ಹೋಗುವಾಗ ಮಾದರಿಯನ್ನು ಮುಟ್ಟುವ ಮೊದಲೇ ಪುಡಿಯಾಗಿ ಕೂರುವುದು. ಬಣ್ಣ ಹಚ್ಚುವ ಕೆಲಸವನ್ನು ಬೆಳಗಿನ ಜಾವಕ್ಕಿಡುವುದೂ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಹನಿಯೊಂದನ್ನು ಬೆರೆಸುವುದೂ ಇದಕ್ಕೆ ಉಪಾಯ. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಗಳ ಆಸುಪಾಸಿನ ಊರುಗಳವರು ಒದ್ದೆ ಬಣ್ಣದ ಮಾದರಿಯನ್ನು ತೆರೆದ ಕಿಟಕಿಯ ಬಳಿ ಇಡಲೇಬಾರದು. ಹಾರಿಬರುವ ಕರಿಬೂದಿಯು ಬೆಳ್ಳಿಬಣ್ಣದ ರೆಕ್ಕೆಯ ಮೇಲೆ ಕುಳಿತರೆ ಮತ್ತೆ ಉಜ್ಜಿ ಮೊದಲಿನಿಂದ ಹಚ್ಚುವುದೊಂದೇ ದಾರಿ. ಅಗಲವಾದ ಡಬ್ಬಿಯೊಂದನ್ನು ಬೋರಲು ಹಾಕಿದರೂ ಸಾಕು.

ಗ್ಯಾರೇಜಿನವರ ಬಳಿ ಸುಲಭವಾಗಿ ದೊರೆಯುವ ಎನ್‌ಸಿ ಥಿನ್ನರನ್ನು ಮಾದರಿಯ ಸಮೀಪಕ್ಕೂ ತರಬೇಡಿರಿ. ಪಾಲಿಸ್ಟೈರೀನ್ ಅದರಲ್ಲಿ ಕರಗುವುದು. ಎನಾಮೆಲ್ ಬಣ್ಣಕ್ಕೆ ಒಳ್ಳೆಯ ಟರ್ಪೆಂಟೈನ್ ನಡೆಯುತ್ತದೆ. ಗಾಜನ್ನು ಅಂಟಿಸಲು ಫೆವಿಕಾಲ್ ಯೋಗ್ಯ; ಫೆವಿಕ್ವಿಕ್ ಹಚ್ಚಿದರೆ ಅದರ ಆವಿಯಿಂದ ಗಾಜಿನ ಮೇಲೆ ಬಿಳಿಯ ಮಂಜು ಕಟ್ಟಿ ಸುಲಭವಾಗಿ ಹೋಗುವುದಿಲ್ಲ. ಡೆಕಾಲುಗಳನ್ನು ಕೊಳವೆಬಾವಿಯ ಗಡಸು ನೀರಿನಲ್ಲಿ ನೆನೆಸಿದರೆ ಒಣಗಿದ ಮೇಲೆ ಉಪ್ಪಿನ ಕಲೆ ಉಳಿಯುವುದು. ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರನ್ನು ಬಳಸುವುದು ಉತ್ತಮ. ಮುಂಗಾಲಿನ ಮೇಲೆ ನಿಲ್ಲುವ ಜೆಟ್ ಮಾದರಿಯು ಬಾಲದ ಮೇಲೆ ಕೂರದಂತೆ, ಒಡಲನ್ನು ಮುಚ್ಚುವ ಮೊದಲೇ ಮೂಗಿನೊಳಗೆ ಮೀನುಬಲೆಯ ಸೀಸದ ಗುಂಡನ್ನು ಅಂಟಿಸಿ ತೂಗಿ ನೋಡಬೇಕು; ಮುಚ್ಚಿದ ಮೇಲೆ ಬುದ್ಧಿ ಬಂದರೆ ಪ್ರಯೋಜನವಿಲ್ಲ. ಸೀಸವನ್ನು ಮುಟ್ಟಿದ ಕೈಯನ್ನು ಮಕ್ಕಳು ತೊಳೆದುಕೊಳ್ಳುವಂತೆ ಹಿರಿಯರು ನೋಡಿಕೊಳ್ಳತಕ್ಕದ್ದು.

ಬಣ್ಣದ ವಿಷಯದಲ್ಲಿ ಒಂದೇ ಎಚ್ಚರಿಕೆ. ಭಾರತದ ನ್ಯಾಟುಗಳು ಮೊದಲು ಬೆಳ್ಳಿಯ ಮೈಯಲ್ಲಿದ್ದು, ತರುವಾಯ ಹಸಿರು ಕಂದುಗಳ ಮರೆಬಣ್ಣವನ್ನು ಧರಿಸಿದುವು. ಆದುದರಿಂದ ಯಾವ ಸರಣಿ ಸಂಖ್ಯೆಯ ವಿಮಾನವೆಂಬುದನ್ನು ನಿಶ್ಚಯಿಸಿ, ಆ ವಿಮಾನದ್ದೇ ಆದ ಛಾಯಾಚಿತ್ರವನ್ನು ಹುಡುಕಿ ಅದರಂತೆ ಹಚ್ಚಬೇಕು. ಲಾಂಛನದಲ್ಲಿ ಕೇಸರಿ ಹೊರಗೆ, ಬಿಳಿ ನಡುವೆ, ಹಸಿರು ಕೇಂದ್ರದಲ್ಲಿ. ಡೆಕಾಲ್ ಹಾಳೆಯಲ್ಲಿ ಈ ಮೂರು ವೃತ್ತಗಳು ಏಕಕೇಂದ್ರವಾಗಿ ಅಚ್ಚಾಗಿವೆಯೆ, ಕೇಸರಿಯು ಕೆಂಪಿಗೆ ತಿರುಗಿದೆಯೆ ಎಂಬುದನ್ನು ಭೂತಗನ್ನಡಿಯಿಂದ ಪರೀಕ್ಷಿಸಿದ ಮೇಲೆಯೇ ನೀರಿಗೆ ಹಾಕಿರಿ.

ನನ್ನ ನಿರ್ಣಯವನ್ನು ಕೇಳುವವರಿಗೆ ಇಷ್ಟು ಹೇಳುವೆನು. ಕೈ ಪಳಗದ ಹುಡುಗನಿಗೆ ಏರ್‌ಫಿಕ್ಸಿನ 1/72 ಟಿ.1 ಕಿಟ್ಟನ್ನು ಕೊಡಿಸಿ, ಇದು ರೆಡ್ ಆರೋಸ್ ತಂಡದ ತರಬೇತಿ ವಿಮಾನವೆಂದು ಸತ್ಯವನ್ನೇ ಹೇಳಿ ಕೆಂಪು ಬಣ್ಣದಲ್ಲಿಯೇ ಕಟ್ಟಿಸಿರಿ. ಅಂಟು, ಪುಟ್ಟಿ, ಸ್ಯಾಂಡ್ ಪೇಪರುಗಳ ಹದ ತಿಳಿದ ಮೇಲೆ ಸ್ಪೆಷಲ್ ಹಾಬಿಯ ಅಜೀತ್ ಪೆಟ್ಟಿಗೆಗೆ ಕೈ ಹಾಕಲಿ. ಎರಡರಲ್ಲಿ ನಮ್ಮ ಕಪಾಟಿನ ಮುಂಭಾಗಕ್ಕೆ ಅರ್ಹವಾದುದು ಅದೇ. ಅಂಚೆಯಲ್ಲಿ ತರಿಸಿದ ಪೆಟ್ಟಿಗೆ ಕೈಸೇರಿದ ದಿನವೇ ತೆರೆದು, ಸ್ಪ್ರೂಗಳನ್ನು ಸೂಚನಾಪತ್ರದ ಪಟ್ಟಿಗೆ ಹೊಂದಿಸಿ ಎಣಿಸಿ, ಗಾಜು ಬಿರಿದಿದೆಯೆ, ರೆಕ್ಕೆ ಬಿಸಿಲಿಗೆ ಬಾಗಿದೆಯೆ ಎಂದು ನೋಡಿ, ದೋಷವಿದ್ದರೆ ಒಡನೆಯೇ ಮಾರಿದವರಿಗೆ ತಿಳಿಸಿರಿ. ಆ ಅಜೀತ್ ಮಾದರಿಯು ಪೂರ್ಣವಾದ ಮೇಲೆ ಅದರ ಅಡಿಪೀಠದ ಮೇಲೆ ವಿಮಾನದ ಹೆಸರು, ಸರಣಿ ಸಂಖ್ಯೆ, ದಳದ ಸಂಖ್ಯೆಗಳ ಜೊತೆಗೆ ಬೆಂಗಳೂರಿನಲ್ಲಿ ನಿರ್ಮಿತವಾದುದು ಎಂಬುದನ್ನೂ ದಯವಿಟ್ಟು ಕನ್ನಡದಲ್ಲಿ ಬರೆದಿರಿಸಿರಿ.